ನಾಲೆಯವರು ಕಡಲಿಗೆ ಹೋದದ್ದು

ಮಂಡ್ಯ ಸೀಮೆಯಲ್ಲಿ ಹುಟ್ಟಿದವನು ಬೇರೆ ಯಾವ ಸಂಖ್ಯೆಯನ್ನು ಮರೆತರೂ 124.80 ಅನ್ನು ಮರೆಯುವುದಿಲ್ಲ. ಹೆಂಡತಿ ಹುಟ್ಟಿದ ತಾರೀಖು ಮರೆತೀತು, ಮಗಳ ಫೋನ್ ನಂಬರು ಮರೆತೀತು, ಕನ್ನಂಬಾಡಿ ಕಟ್ಟೆ ತುಂಬಲು ಎಷ್ಟು ಅಡಿ ಬೇಕು ಎನ್ನುವುದು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತದೆ. ನಮ್ಮ ಕೆರಗೋಡಿನ ಟೀ ಅಂಗಡಿಗೆ ಜುಲೈ ತಿಂಗಳಲ್ಲಿ ಪೇಪರು ಬಂದರೆ ಮೊದಲು ಹುಡುಕುವುದು ಜಲಾಶಯಗಳ ಮಟ್ಟದ ಪಟ್ಟಿಯನ್ನು. ಸರ್ಕಾರ ಬಿದ್ದ ಸುದ್ದಿಯೂ ಅದಾದ ಮೇಲೆಯೇ. ನಮ್ಮ ಕಡೆ ಆಕಾಶದಿಂದ ಬೀಳುವುದು ವರ್ಷಕ್ಕೆ ಏಳ್ನೂರು ಮಿಲಿಮೀಟರಿನ ಆಸುಪಾಸು. ಅದನ್ನು ನಂಬಿದರೆ ರಾಗಿ, ಹುರುಳಿ ಬಿಟ್ಟು ಬೇರೇನನ್ನೂ ಬಿತ್ತುವಂತಿಲ್ಲ. 1911ರಲ್ಲಿ ಕಾವೇರಿಗೆ ಕಟ್ಟೆ ಹಾಕಲು ಶುರುವಾಗದಿದ್ದರೆ, ಹುಲಿಕೆರೆ ಗುಡ್ಡದ ಹೊಟ್ಟೆ ಕೊರೆದು ನೀರನ್ನು ಈ ಕಡೆಗೆ ದಾಟಿಸದಿದ್ದರೆ, ನಾವೆಲ್ಲ ಇವತ್ತಿಗೂ ಮೋಡ ನೋಡುತ್ತ ಕೂತಿರುತ್ತಿದ್ದೆವು. ಇರ್ವಿನ್ ನಾಲೆ ಎಂಬ ಹೆಸರಿನಲ್ಲಿ ಬಂದ ಆ ನೀರು ವಿಶ್ವೇಶ್ವರಯ್ಯ ನಾಲೆಯಾಗಿ ಗದ್ದೆಗೆ ಇಳಿಯಿತು, ಕಬ್ಬಾಯಿತು, ಬೆಲ್ಲವಾಯಿತು, 1933ರಲ್ಲಿ ಸಕ್ಕರೆ ಕಂಪನಿಯಾಯಿತು, 1939ರಲ್ಲಿ ಜಿಲ್ಲೆಯೇ ಆಯಿತು. ಊರೂರಿಗೂ ವಿಶ್ವೇಶ್ವರಯ್ಯನವರ ಫೋಟೊ ಇರುವುದು ಸುಮ್ಮನೆ ಅಲ್ಲ.

ಇದರಿಂದ ನಮಗೆ ಒಂದು ಗುಣ ಬಂದುಬಿಟ್ಟಿದೆ. ನೀರು ಎಂದರೆ ಅಳೆದು ಕೊಡುವ ಪದಾರ್ಥ. ಅಡಿ, ಕ್ಯೂಸೆಕ್ಸ್, ಟಿಎಂಸಿ ಎಂಬ ಮಾತುಗಳು ಹಾಲು ಕರೆಯುವ ಹೆಂಗಸರ ಬಾಯಲ್ಲೂ ಇರುತ್ತವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಾಗ, ಆ ಕಾಲು ಟಿಎಂಸಿ ಯಾಕೆ ಎಂದು ನಮ್ಮೂರಿನ ಜಗಲಿಯ ಮೇಲೆ ಕೂತು ವಾದ ಮಾಡಿದವರನ್ನು ನಾನು ಬಲ್ಲೆ. ಇಂಥ ಜನಕ್ಕೆ ಲೋಕದಲ್ಲಿ ಅತಿ ದೊಡ್ಡ ಪಾಪ ಯಾವುದು ಎಂದರೆ, ನೀರನ್ನು ಸುಮ್ಮನೆ ಸಮುದ್ರಕ್ಕೆ ಬಿಡುವುದು.

ಆ ಪಾಪ ದಿನಾಲೂ ನಡೆಯುವ ಸೀಮೆಗೆ ನಾವು ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ನಾಲೆ ನಿಂತಿತ್ತು. ದುರಸ್ತಿಯೋ ಕಟ್ಟು ಪದ್ಧತಿಯೋ, ಅಂತೂ ನೀರಿಲ್ಲದ ಹೊತ್ತಿನಲ್ಲಿ ನಮ್ಮವರಿಗೆ ರಜ. ಗಾಡಿ ರೇಷ್ಮೆಯವನದು. ಅವನು ಹುಳು ಸಾಕುವುದರಿಂದ ಆ ಹೆಸರು. ಹಣ್ಣಾದ ಹುಳು ಚಂದ್ರಿಕೆ ಏರುವ ಹೊತ್ತಿನಲ್ಲಿ ರಾತ್ರಿಯೆಲ್ಲ ಎದ್ದಿದ್ದು ರೂಢಿಯಾದವನಾದ್ದರಿಂದ ಸ್ಟೀರಿಂಗ್ ಹಿಡಿಯಲು ಅವನೇ ಸರಿ ಎಂದು ಎಲ್ಲರೂ ಒಪ್ಪಿದರು. ಪಕ್ಕದಲ್ಲಿ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಸುಮ್ಮನಿರಲು ಬಾರದವರು. ಹಿಂದೆ ನಾನು, ಆಲೆಮನೆಯವನು, ಮತ್ತು ಈ ಪ್ರವಾಸದ ನಿಜವಾದ ನಾಯಕ, ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ರಾತ್ರಿ ಕದ್ದು ಗದ್ದೆಗೆ ನೀರು ಕಟ್ಟಿಕೊಳ್ಳುವವರನ್ನು ಟಾರ್ಚ್ ಹಾಕಿ ಹಿಡಿಯುವುದು, ಇದರಲ್ಲಿ ಆಯುಷ್ಯ ಸವೆಸಿದವನು. ಅವನು ಸಮುದ್ರ ನೋಡಿರಲಿಲ್ಲ. ಕೇಳಿದರೆ, 'ನಮ್ ಜಿಲ್ಲೇಲೇ ಐತಲ್ಲ, ಮಳವಳ್ಳಿ ತಾವ ಶಿವನಸಮುದ್ರ' ಎನ್ನುತ್ತಿದ್ದ.

ಡಿಕ್ಕಿಯಲ್ಲಿ ಬಟ್ಟೆಗಿಂತ ಬೆಲ್ಲ ಹೆಚ್ಚು. ಹೋದಲ್ಲೆಲ್ಲ ಕೊಡಲು ಎಂದು ಆಲೆಮನೆಯವನು ಅಚ್ಚುಬೆಲ್ಲದ ಮೂಟೆಯನ್ನೇ ತುಂಬಿದ್ದ. ಜೊತೆಗೆ ರಾಗಿಹಿಟ್ಟು, ಒಂದು ಪಾತ್ರೆ, ಮುದ್ದೆ ಕೋಲು. 'ಆ ಕಡೇಲಿ ಮುದ್ದೆ ಸಿಕ್ಕಲ್ಲ ಕಣ್ಲಾ, ಎಣ್ಣೆಗೆ ಕೊಬ್ರಿ ಎಣ್ಣೆ ಆಕ್ತಾರೆ, ಉಂಡ್ಬುಟ್ಟು ಎಲ್ಲಿ ಬಿದ್ಕೊಂತೀಯ?' ಎಂಬುದು ಅವನ ಮುನ್ನೆಚ್ಚರಿಕೆ.

ಬಸರಾಳು ಹಾದಾಗ ಮೇಷ್ಟ್ರು 1234ರಲ್ಲಿ ಕಟ್ಟಿದ ಹೊಯ್ಸಳರ ಮಲ್ಲಿಕಾರ್ಜುನ ಗುಡಿಯ ಬಗ್ಗೆ ಬಾಯಿ ತೆರೆದರು. ರೇಷ್ಮೆಯವನು ಆಕ್ಸಿಲರೇಟರ್ ಒತ್ತಿದ. ಪಕ್ಕದೂರಿನ ಗುಡಿ ಯಾವತ್ತಾದರೂ ನೋಡಬಹುದಲ್ಲ ಎಂದು ಎಲ್ಲರೂ ಅಂದುಕೊಂಡೇ ಯಾರೂ ನೋಡಿಲ್ಲ. ನಾಗಮಂಗಲ, ಬೆಳ್ಳೂರು ಕ್ರಾಸು, ಅಲ್ಲಿಂದ ಮಂಗಳೂರು ಹೆದ್ದಾರಿ. ಚನ್ನರಾಯಪಟ್ಟಣ, ಹಾಸನ ಎಲ್ಲ ಕಿಟಕಿಯ ಹೊರಗೆ ಕಳೆದವು. ಹೇಳಲು ಏನೂ ಇಲ್ಲ ಎಂದಲ್ಲ. ನಾಲ್ಕು ಪಥದ ರಸ್ತೆ ಊರುಗಳನ್ನು ಕಾಣಿಸುವುದಿಲ್ಲ, ಬೋರ್ಡುಗಳನ್ನು ಕಾಣಿಸುತ್ತದೆ ಅಷ್ಟೆ.

ಸಕಲೇಶಪುರದ ಸೇತುವೆಯ ಹತ್ತಿರ ನೀರುಗಂಟಿ ಗಾಡಿ ನಿಲ್ಲಿಸಲು ಹೇಳಿದ. ಕೆಳಗೆ ಹೇಮಾವತಿ. ಬೇಸಿಗೆ ಹತ್ತಿರವಾದ್ದರಿಂದ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವನು ಚಪ್ಪಲಿ ಬಿಟ್ಟು ಕೈ ಮುಗಿದ. ತಮಾಷೆಗಲ್ಲ. ಈ ನೀರು ಗೊರೂರಿನ ಕಟ್ಟೆಯಲ್ಲಿ ನಿಂತು, ಹೊರಟು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರಿ, ಕೊನೆಗೆ ಅವನು ಎತ್ತುವ ತೂಬಿಗೇ ಬರಬೇಕು. ಮೇಲಧಿಕಾರಿಯ ಮನೆ ಮುಂದೆ ನಿಂತ ನೌಕರನ ಹಾಗೆ ಅವನು ತುಸು ಹೊತ್ತು ನಿಂತ.

ಸಕಲೇಶಪುರ ದಾಟಿ ದೋಣಿಗಾಲಿನ ಮುಂದೆ ಹೋದರೆ ನೆಲ ಆಚೆ ಕಡೆಗೆ ಇಳಿಯುತ್ತದೆ. ಆ ಏಣಿನ ಈಚೆಗೆ ಬಿದ್ದ ಮಳೆ ಹೇಮಾವತಿಗೆ, ಆಚೆಗೆ ಬಿದ್ದದ್ದು ಕೆಂಪುಹೊಳೆ, ಗುಂಡ್ಯ, ಕುಮಾರಧಾರಾ, ನೇತ್ರಾವತಿ ಎಂದು ಹೆಸರು ಬದಲಿಸುತ್ತ ಅರಬ್ಬಿ ಸಮುದ್ರಕ್ಕೆ. ಒಂದೇ ಮೋಡ, ಒಂದೇ ತೋಟ. ಗಾಳಿ ಒಂದು ಮಾರು ಆಚೀಚೆ ಆದರೆ ಒಂದು ಹನಿ ಕೆರಗೋಡಿನ ಗದ್ದೆಗೆ ಬರುತ್ತದೆ, ಇನ್ನೊಂದು ಮಂಗಳೂರಿನ ಅಳಿವೆಗೆ ಹೋಗುತ್ತದೆ. ಮೇಷ್ಟ್ರು ಇದನ್ನು ಕೈಯಲ್ಲಿ ತೋರಿಸಿ ಹೇಳಿದಾಗ ಆಲೆಮನೆಯವನು, 'ಆ ಕಡೆ ಬೀಳೋದ್ನೂ ವಸಿ ಈ ಕಡಿಕೆ ತಿರುಗಿಸ್ಬುಟ್ರೆ ಆಯ್ತಲ್ಲಾ?' ಎಂದ.

ಅದನ್ನೇ ಮಾಡುತ್ತಿದ್ದಾರೆ. ಹೆದ್ದಾರಿಯ ಬದಿಯಲ್ಲಿ ಆಳು ನಿಲ್ಲಬಹುದಾದಷ್ಟು ದೊಡ್ಡ ಪೈಪುಗಳು ಕಂಡವು. ಎತ್ತಿನಹೊಳೆ. ಪಶ್ಚಿಮಕ್ಕೆ ಹರಿಯುವ ತೊರೆಗಳಿಂದ ಮಳೆಗಾಲದಲ್ಲಿ 24 ಟಿಎಂಸಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ತನಕ ಒಯ್ಯುವ ಯೋಜನೆ. 2014ರಲ್ಲಿ ಅಡಿಗಲ್ಲು ಹಾಕಿದರು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಈ ಹತ್ತು ವರ್ಷ ದಕ್ಷಿಣ ಕನ್ನಡದವರು ಬೇಡ ಎಂದು ಕೂಗಿದರು, ಬಯಲುಸೀಮೆಯವರು ಬೇಗ ಕೊಡಿ ಎಂದು ಕೂಗಿದರು. ಗಾಡಿಯೊಳಗೆ ಇದ್ದವರೆಲ್ಲ ಬೇಗ ಕೊಡಿ ಪಕ್ಷ. ಕೋಲಾರದವರ ಬಾಯಾರಿಕೆ ನಮಗೆ ಅರ್ಥವಾಗುತ್ತದೆ, ಯಾಕೆಂದರೆ ನಮ್ಮ ಅಜ್ಜಂದಿರದೂ ಅದೇ ಬಾಯಾರಿಕೆ. ಎತ್ತಿದ ನೀರಲ್ಲಿ ಬದುಕಿದವರು ಎತ್ತಬೇಡಿ ಎನ್ನುವುದು ಹೇಗೆ? ನಾನೂ ಹಾಗೇ ಅಂದೆ.

ಶಿರಾಡಿ ಘಾಟಿಯ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿ ಲಾರಿಗಳ ಹಿಂಭಾಗ ಬಿಟ್ಟು ಬೇರೇನೂ ಕಾಣಲಿಲ್ಲ.

ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಮತ್ತು ನೇತ್ರಾವತಿ ಕೂಡುತ್ತವೆ. ಜೋರು ಮಳೆಗಾಲದಲ್ಲಿ ಎರಡೂ ಹೊಳೆ ಉಕ್ಕಿ ಸಹಸ್ರಲಿಂಗೇಶ್ವರನ ಗುಡಿಯ ಮುಂದೆ ಒಂದನ್ನೊಂದು ಮುಟ್ಟಿದರೆ ಅದನ್ನು 'ಸಂಗಮ' ಎಂದು ನೋಡಲು ಜನ ಸೇರುತ್ತಾರೆ, ಪೂಜೆ ಮಾಡುತ್ತಾರೆ. ನಾವು ಕಟ್ಟೆ ತುಂಬಿದರೆ ಬಾಗಿನ ಕೊಡುತ್ತೇವೆ. ಇವರು ಹೊಳೆ ದಡ ಮೀರಿದರೆ ಕೊಡುತ್ತಾರೆ. ಸೇತುವೆಯ ಮೇಲೆ ನಿಂತು ನೀರುಗಂಟಿ ಕಣ್ಣಳತೆಯಲ್ಲೇ ಲೆಕ್ಕ ಹಾಕಿದ. 'ಇಷ್ಟು ನೀರ್ಗೆ ನಮ್ ಸೆಕ್ಷನ್ ಪೂರಾ ಎರಡು ಬೆಳೆ ತಗೀಬೋದು. ಹಂಗೇ ಹೋಯ್ತಾ ಐತಲ್ಲಪ್ಪಾ!' ಅಂದಿನಿಂದ ಇದು ಅವನ ಪಲ್ಲವಿಯಾಯಿತು. ಕರಾವಳಿಯಲ್ಲಿ ಸೇತುವೆಗಳಿಗೇನು ಬರವೇ? ಒಂದು ಹೊಳೆ ದಾಟಿ ಬೀಡಿ ಹಚ್ಚುವಷ್ಟರಲ್ಲಿ ಇನ್ನೊಂದು ಬರುತ್ತದೆ. ಪ್ರತಿ ಸೇತುವೆಗೂ ಅವನು ಕಿಟಕಿ ಇಳಿಸಿ, ನೋಡಿ, 'ಹಂಗೇ ಹೋಯ್ತಾ ಐತೆ' ಎಂದು ಕಿಟಕಿ ಏರಿಸುವನು.

ಮಂಗಳೂರಿನ ಬಂದರಿನ ಹತ್ತಿರ ಊಟಕ್ಕೆ ಕೂತೆವು. ಮೀನಿನ ಊಟದ ಹೋಟೆಲು. ನಾವು ಮೀನು ತಿನ್ನದವರಲ್ಲ. ಆದರೆ ನಮ್ಮದು ಕೆರೆ ಮೀನು, ನಾಲೆ ಮೀನು. ತಟ್ಟೆಯಲ್ಲಿ ಕೆಂಪಗೆ ಮಸಾಲೆ ಹೊದ್ದು ಬಂದ ಬಂಗುಡೆ ಇಡೀ ಮೈ, ತಲೆ, ಕಣ್ಣು ಸಮೇತ ಆಲೆಮನೆಯವನನ್ನು ನೋಡಿತು. ಅವನೂ ನೋಡಿದ. ಆಮೇಲೆ ಎರಡನೆಯದು ತರಿಸಿಕೊಂಡ. ಕುಚ್ಚಲಕ್ಕಿ ಅನ್ನ ಮಾತ್ರ ಯಾರಿಗೂ ಹೊಂದಲಿಲ್ಲ. ಭತ್ತವನ್ನು ಒಂದು ಸಲ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಮತ್ತೆ ಬೇಯಿಸುವುದು ಯಾಕೆ ಎಂದು ಕೇಳಿದಾಗ ಬಡಿಸುವಾತ, 'ನಮ್ಮಲ್ಲಿ ಮಳೆಗಾಲದಲ್ಲಿ ಬಿಸಿಲು ಎಲ್ಲಿ ಉಂಟು ಸಾರ್? ಬೇಯಿಸದೆ ಇಟ್ಟರೆ ಹಾಳಾಗ್ತದೆ. ಮತ್ತೆ ಹೊಟ್ಟೆಯಲ್ಲಿ ನಿಲ್ಲೂದು ಇದೇ ಅಲ್ವಾ' ಎಂದ. ಹೊಟ್ಟೆಯಲ್ಲಿ ನಿಲ್ಲುವುದು ಎಂಬ ಮಾತಿಗೆ ಆಲೆಮನೆಯವನು ತಲೆದೂಗಿದ. ಮುದ್ದೆಗೂ ನಾವು ಹೇಳುವುದು ಅದನ್ನೇ.

ಕ್ಯಾಷಿನಲ್ಲಿ ಕೂತಿದ್ದ ಹಿರಿಯರು ಮಾತಿಗೆ ಸಿಕ್ಕಿದರು. ಮಂಡ್ಯದವರು ಎಂದ ಕೂಡಲೇ, 'ಕಾವೇರಿ ಹೇಗುಂಟು?' ಎಂದು ಮನೆಯ ಅಜ್ಜಿಯ ಆರೋಗ್ಯ ಕೇಳುವಂತೆ ಕೇಳಿದರು. ನೀರುಗಂಟಿ ಬಿಡಲಿಲ್ಲ. ನಿಮಗೇನು ಸ್ವಾಮಿ, ಮೂರೂವರೆ ಸಾವಿರ ಮಿಲಿಮೀಟರು ಮಳೆ, ಎಲ್ಲಾ ಸಮುದ್ರಕ್ಕೆ ಬಿಟ್ಕೊಂಡು ಆರಾಮಾಗಿದ್ದೀರಿ ಎಂದ. ಅವರು ನಕ್ಕರು. 'ಏಪ್ರಿಲಿನಲ್ಲಿ ಬನ್ನಿ ಮಾರಾಯ್ರೆ, ಟ್ಯಾಂಕರು ತೋರಿಸ್ತೇನೆ. ನಮಗೂ ಒಂದು ತುಂಬೆ ಉಂಟು. ನಿಮ್ಮ ಹಾಗೆಯೇ ನಾವೂ ಪೇಪರಿನಲ್ಲಿ ಮೊದಲು ಅದನ್ನೇ ನೋಡೂದು.' ತುಂಬೆ ಎಂದರೆ ನೇತ್ರಾವತಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟು; ಮಂಗಳೂರಿಗೆ ಕುಡಿಯುವ ನೀರು ಅಲ್ಲಿಂದ. ಆರು ಮೀಟರು ನಿಂತರೆ ಸಮಾಧಾನ, ಇಳಿದರೆ ದಿನ ಬಿಟ್ಟು ದಿನ ನಲ್ಲಿ. 2019ರ ಬೇಸಿಗೆಯಲ್ಲಿ ಹಾಗೇ ಆಗಿತ್ತು. ಉಡುಪಿಗೆ ಸ್ವರ್ಣಾ ಹೊಳೆಯ ಬಜೆಯೂ ಹೀಗೇ. ಬಿದ್ದ ಮಳೆ ಇಳಿಜಾರಿನಲ್ಲಿ ಓಡಿ ಕೆಲವೇ ತಾಸಿನಲ್ಲಿ ಕಡಲು ಸೇರುವ ನಾಡಿನಲ್ಲಿ ನಾಲ್ಕು ತಿಂಗಳು ನೆರೆ, ಕೊನೆಗೆ ಎರಡು ತಿಂಗಳು ಬಿಂದಿಗೆ. ನೀರುಗಂಟಿಗೆ ಈ ವಿಷಯ ಕೇಳಿ ಬೇಸರವಾಯಿತೋ ಸಂತೋಷವಾಯಿತೋ ಹೇಳಲಾರೆ. ಬಿಲ್ಲು ಅವನೇ ಕೊಟ್ಟ.

ಅಲ್ಲಿಂದ ಉತ್ತರಕ್ಕೆ ನಮ್ಮ ಪ್ರಯಾಣ ನಿಧಾನವಾಯಿತು. ನಿಧಾನ ಎಂದರೆ, ಯಾರಿಗಾದರೂ ಏನಾದರೂ ಕಂಡರೆ ನಿಲ್ಲುವುದು ಎಂದು ಒಪ್ಪಂದ. 66ನೇ ಹೆದ್ದಾರಿಯನ್ನು ಬಿಟ್ಟು ಆಗಾಗ ಎಡಕ್ಕೆ ತಿರುಗಿದರೆ ಬೇರೆ ಲೋಕ. ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು; ಬುಟ್ಟಿ ಹೊತ್ತ ಹೆಂಗಸರು ನಮ್ಮನ್ನು ಪಕ್ಕಕ್ಕೆ ಸರಿಸಿ ಏಲಂ ಕೂಗಿದರು. ಜೂನ್, ಜುಲೈ ಎರಡು ತಿಂಗಳು ಈ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ನಮ್ಮ ನಾಲೆಗೂ ರಜ ಇದೆಯಲ್ಲ ಎಂದು ಮೇಷ್ಟ್ರು ಸಂಬಂಧ ಕಲ್ಪಿಸಿದರು.

ಕೋಡಿಬೆಂಗ್ರೆಯಲ್ಲಿ ರಸ್ತೆ ಸಣ್ಣದಾಗುತ್ತ ಹೋಗಿ, ಒಂದು ಕಡೆ ಕಡಲು, ಒಂದು ಕಡೆ ಸ್ವರ್ಣಾ ಹೊಳೆ, ನಡುವೆ ತೆಂಗು, ಮನೆ, ಬಲೆ ಒಣಗಿಸುವ ಅಂಗಳ. ಕೊನೆಗೆ ರಸ್ತೆಯೂ ಮುಗಿದು ಅಳಿವೆ. ಸೀತಾ ಮತ್ತು ಸ್ವರ್ಣಾ ಜೊತೆಯಾಗಿ ಸಮುದ್ರಕ್ಕೆ ಸೇರುವ ಬಾಯಿ. ನಮ್ಮಲ್ಲಿ ಯಾರೂ ಅದಕ್ಕೆ ಮುಂಚೆ ಹೊಳೆಯೊಂದು ಮುಗಿಯುವುದನ್ನು ನೋಡಿರಲಿಲ್ಲ. ಕಾವೇರಿ ಪೂಂಪುಹಾರಿನಲ್ಲಿ ಮುಗಿಯುತ್ತದೆ ಎಂದು ಪುಸ್ತಕದಲ್ಲಿದೆ. ನಮ್ಮ ಮನಸ್ಸಿನಲ್ಲಿ ಅದು ಗಡಿಯಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಹೊಳೆಯ ಹಸಿರು ನೀರು ಮತ್ತು ಕಡಲಿನ ಬೂದು ನೀರು ಒಂದನ್ನೊಂದು ತಳ್ಳುತ್ತಿದ್ದವು, ಯಾರೂ ಸೋಲುತ್ತಿರಲಿಲ್ಲ. ಆ ಗೆರೆಯ ಮೇಲೆಯೇ ಹಕ್ಕಿಗಳು ಮುಗಿಬಿದ್ದಿದ್ದವು, ಆ ಗೆರೆಗೇ ಹುಡುಗರು ಗಾಳ ಎಸೆಯುತ್ತಿದ್ದರು. ಕಡಲಿನ ನಡುವೆ ಬಿಟ್ಟು ಇಲ್ಲೇ ಯಾಕೆ ಎಂದು ರೇಷ್ಮೆಯವನು ಕೇಳಿದ. ಒಬ್ಬ ಹುಡುಗ ಗಾಳದಿಂದ ಕಣ್ಣು ತೆಗೆಯದೆ, 'ಊಟ ಇಲ್ಲಿ ಬರ್ತದಲ್ಲ' ಎಂದ. ಹೊಳೆ ಹೊತ್ತು ತರುವ ಮಣ್ಣು, ಎಲೆ, ಕಸ, ಎಲ್ಲ ಮೀನಿಗೆ ಊಟ. ನೀರುಗಂಟಿ ಕಿವಿ ನಿಮಿರಿಸಿದ, ಮಾತಾಡಲಿಲ್ಲ.

ಮರವಂತೆಯನ್ನು ಫೋಟೊದಲ್ಲಿ ನೋಡದ ಕನ್ನಡಿಗನಿಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಲಾರಿ ಓಡಾಡುವ ರಸ್ತೆ. ಫೋಟೊದಲ್ಲಿ ಕಾಣದಿರುವುದು ಹೊಳೆಯ ವರ್ತನೆ. ಕೊಡಚಾದ್ರಿಯ ಕಡೆಯಿಂದ ಕೊಲ್ಲೂರು ಹಾದು ಬಂದು, ಕಡಲಿನ ಸದ್ದು ಕೇಳುವಷ್ಟು ಹತ್ತಿರ ತಲುಪಿ, ಅಲ್ಲಿ ಸೇರದೆ ತೆಂಕಕ್ಕೆ ತಿರುಗಿಬಿಡುತ್ತದೆ. ಮತ್ತೆ ಮೈಲಿಗಟ್ಟಲೆ ಅಡ್ಡಾಡಿ, ಗಂಗೊಳ್ಳಿಯ ಹತ್ತಿರ ವಾರಾಹಿ, ಚಕ್ರಾ ಮುಂತಾದ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಕಡಲು ಸೇರುತ್ತದೆ. ನಾವು ಮರವಂತೆಯಲ್ಲಿ ತಡೆಗೋಡೆಗೆ ಹಾಕಿದ ಬಂಡೆಗಳ ಮೇಲೆ ಕೂತು ಬೆಲ್ಲ, ಕಡಲೆಬೀಜ ತಿಂದೆವು. ಆ ಬಂಡೆ ಅಲಂಕಾರಕ್ಕಲ್ಲ. ಮಳೆಗಾಲದಲ್ಲಿ ಕಡಲು ರಸ್ತೆಯನ್ನೇ ಕಡಿಯಲು ಬರುತ್ತದೆ. ತೆಂಗಿನ ತೋಟ, ಮೀನುಗಾರರ ರಸ್ತೆ ಕೊಚ್ಚಿಹೋದ ಸುದ್ದಿ ವರ್ಷ ವರ್ಷವೂ ಬರುತ್ತದೆ. ಹೊಳೆಗಳು ತರುವ ಮರಳು ದಡ ಕಟ್ಟುತ್ತದೆ, ಆ ಮರಳು ಕಡಿಮೆಯಾದಲ್ಲಿ ಕಡಲು ದಡ ತಿನ್ನುತ್ತದೆ ಎಂದು ಮೇಷ್ಟ್ರು ಹೇಳಿದರು. ಅದನ್ನು ಅವರು ಪಾಠದ ಧಾಟಿಯಲ್ಲಿ ಹೇಳಲಿಲ್ಲ, ಅದಕ್ಕೇ ಎಲ್ಲರೂ ಕೇಳಿದೆವು. ರೇಷ್ಮೆಯವನು ಕೇಳಿದ: 'ಅಂಗಾದ್ರೆ ಕಟ್ಟೆ ಕಟ್ಟಿದ್ ಕಡೆ ಮರಳು ಎಲ್ಲಿ ನಿಂತ್ಕತದೆ?' ಉತ್ತರ ಎಲ್ಲರಿಗೂ ಗೊತ್ತಿತ್ತು. ಕನ್ನಂಬಾಡಿಯ ತಳದಲ್ಲಿ ಹೂಳಿನ ವಿಷಯ ನಮ್ಮಲ್ಲಿ ವಿಧಾನಸೌಧದ ತನಕ ಹೋದ ಮಾತು.

ಬೈಂದೂರು, ಭಟ್ಕಳ ದಾಟಿ ಹೊನ್ನಾವರ. ಶರಾವತಿ ಅಲ್ಲಿ ಹೊಳೆಯಲ್ಲ, ಸರೋವರ. ಪಕ್ಕದಲ್ಲಿ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ, ಆ ದಾರಿಯಲ್ಲೇ ಅತಿ ಉದ್ದದ್ದು. ರೈಲು ದಾಟುವುದನ್ನು ನೋಡಲು ಕಾದೆವು. ಆಲೆಮನೆಯವನಿಗೆ ಶರಾವತಿಯ ಮೇಲೆ ವಿಶೇಷ ಗೌರವ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ನಮ್ಮ ಜಿಲ್ಲೆಯನ್ನು ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಹಳ್ಳಿಯ ಮೋಟರಿಗೆ, ಕಬ್ಬಿನ ಗಾಣಕ್ಕೆ ಕರೆಂಟು ಧಾರಾಳವಾಗಿ ಬಂದದ್ದು 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಕಟ್ಟಿದ ಮೇಲೆ ಎಂದು ಅವನಪ್ಪ ಹೇಳುತ್ತಿದ್ದರಂತೆ. 'ನಮ್ ಗಾಣ ತಿರುಗ್ಸಿದ್ ನೀರು ಕಣಪ್ಪ ಇದು' ಎಂದ.

ಇಲ್ಲಿ ಒಂದು ವಿಷಯವನ್ನು ನಾನೇ ಹೇಳಬೇಕು, ಯಾಕೆಂದರೆ ಮುಂದೆ ಅಘನಾಶಿನಿಯಲ್ಲಿ ಕಂಡದ್ದು ಅದಿಲ್ಲದೆ ಪೂರ್ತಿಯಾಗುವುದಿಲ್ಲ. ಶರಾವತಿಯೂ ಅಘನಾಶಿನಿಯೂ ನೆರೆಮನೆಯವು. ಎರಡು ಅಳಿವೆಗಳ ನಡುವೆ ಗಾಡಿಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ಶರಾವತಿಗೆ ಕಟ್ಟೆಗಳಿವೆ, ಅಘನಾಶಿನಿಗೆ ಒಂದೂ ಇಲ್ಲ. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಶರಾವತಿಯ ಅಳಿವೆಗೆ ವರ್ಷವಿಡೀ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಭಾಗ್ಯ. ಆದರೆ ಅಳಿವೆಯ ಜೀವಗಳಿಗೆ ಬೇಕಾದದ್ದು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಹಳೆಯ ಸರದಿ. ಆ ಸರದಿ ತಪ್ಪಿದ್ದರಿಂದ ಶರಾವತಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ, ಮೀನಿನ ಜಾತಿಗಳು ಕಡಿಮೆಯಾದವು, ಅಘನಾಶಿನಿಯಲ್ಲಿ ಉಳಿದವು ಎಂದು ಎರಡನ್ನೂ ಹೋಲಿಸಿ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯವರು ಬರೆದಿದ್ದಾರೆ. ನೀರು ಕಡಿಮೆಯಾದರೆ ತೊಂದರೆ ಎಂಬುದು ನಮಗೆ ಗೊತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ತೊಂದರೆ ಎಂಬುದನ್ನು ನಮ್ಮಲ್ಲಿ ಕೊಯ್ಲಿನ ಗದ್ದೆಗೆ ನಾಲೆ ಒಡೆದವನು ಮಾತ್ರ ಬಲ್ಲ.

ಕುಮಟಾ ದಾಟಿ ಅಘನಾಶಿನಿಯ ಹಿನ್ನೀರಿನ ಕಡೆಗೆ ತಿರುಗಿದೆವು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರ ತೂಬನ್ನೂ ಮುಟ್ಟದೆ ಬರುವ ಹೊಳೆ. 2024ರ ಜನವರಿಯಲ್ಲಿ ಇದರ ಅಳಿವೆಯನ್ನು ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಇಳಿತದ ಹೊತ್ತು. ಹೊಳೆಯ ನಡುವೆ ಎದ್ದ ದಿಬ್ಬಗಳ ಮೇಲೆ ಹೆಂಗಸರು ಸೊಂಟ ಬಗ್ಗಿಸಿ ಬಳಚು ಹೆಕ್ಕುತ್ತಿದ್ದರು. ಬುಟ್ಟಿ ತುಂಬಿದರೆ ದೋಣಿಗೆ, ನೀರು ಏರಿದರೆ ಮನೆಗೆ. ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಮಾಣಿಕಟ್ಟಾದ ಕಡೆ ಒಂದು ಏರಿಯ ಮೇಲೆ ನಿಂತಾಗ ನೀರುಗಂಟಿ 'ತೂಬು!' ಎಂದು ಕೂಗಿದ. ಹಬ್ಬದ ಜಾತ್ರೆಯಲ್ಲಿ ನಮ್ಮೂರಿನವರು ಸಿಕ್ಕಿದಷ್ಟು ಸಂತೋಷ ಆ ದನಿಯಲ್ಲಿತ್ತು. ನಿಜವಾಗಿಯೂ ತೂಬೇ. ಏರಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ, ಹಲಗೆ ಇಳಿಸಲು ಕಚ್ಚು. ಏರಿಯ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಣ್ಣು ಹರಿಯುವ ತನಕ ನೀರು ನಿಂತ ಬಯಲು. ಹಲಗೆಯ ಪಕ್ಕ ಒಬ್ಬ ಅಜ್ಜ ಕೂತು ಕವಳ ಹಾಕುತ್ತಿದ್ದರು. ನೀರುಗಂಟಿ ಅವರ ಪಕ್ಕದಲ್ಲಿ ಕೂತ. ನಾವು ಇದ್ದೇವೆ ಎಂಬುದನ್ನೇ ಇಬ್ಬರೂ ಮರೆತರು.

ಈ ಬಯಲಿಗೆ ಗಜನಿ ಎನ್ನುತ್ತಾರೆ. ಕಡಲಿನ ಭರತ ಏರಿದಾಗ ಉಪ್ಪುನೀರು ಹೊಳೆಯೊಳಗೆ ನುಗ್ಗಿ ಇಲ್ಲಿಯ ತನಕ ಬರುತ್ತದೆ. ಮಳೆಗಾಲ ಶುರುವಾಗುವಾಗ ಹಲಗೆ ಹಾಕಿ ಉಪ್ಪನ್ನು ಹೊರಗಿಡುತ್ತಾರೆ. ಮೇಲಿಂದ ಬರುವ ಮಳೆನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಬಿತ್ತುತ್ತಾರೆ. ಅದು ಉಪ್ಪು ತಡೆಯುವ ಭತ್ತ, ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಆಳೆತ್ತರಕ್ಕೆ ಬೆಳೆಯುತ್ತದೆ. ಗೊಬ್ಬರ ಕೇಳುವುದಿಲ್ಲ, ಹೊಳೆ ತಂದ ಗೋಡೇ ಗೊಬ್ಬರ. ಅಕ್ಟೋಬರ್, ನವೆಂಬರಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ತೆಗೆದು ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡರೆ ಅದರ ಜೊತೆ ಮೀನು, ಸಿಗಡಿ ಮರಿಗಳು ಬರುತ್ತವೆ, ಆ ಹುಲ್ಲಿನ ನಡುವೆ ಬೆಳೆಯುತ್ತವೆ. ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಕೆರೆ. ಸಿಗಡಿಗೆ ಬೆಲೆ ಬಂದ ಮೇಲೆ ಭತ್ತ ಬಿಟ್ಟವರು ಬಹಳ. ಮಾಣಿಕಟ್ಟಾದಂಥ ಕೆಲವು ಕಡೆ ಮಾತ್ರ ಕಗ್ಗವನ್ನು ಕೈಬಿಡದೆ ಇಟ್ಟುಕೊಂಡಿದ್ದಾರೆ.

ನೀರುಗಂಟಿಯ ಪ್ರಶ್ನೆಗಳು ಬೇರೆಯೇ. 'ಅಜ್ಜಾ, ತೂಬು ಎತ್ತಕ್ಕೆ ಆರ್ಡರ್ ಯಾರು ಕೊಡ್ತಾರೆ?'

'ಎಂಥ ಆರ್ಡರು ತಮಾ?'

'ಅಲ್ಲಾ, ನಮ್ಮಲ್ಲಿ ನೀರಾವರಿ ಸಲಹಾ ಸಮಿತಿ ಸಭೆ ಆಗ್ಬೇಕು, ಮಿನಿಸ್ಟ್ರು ಬರ್ಬೇಕು, ಇಂಜಿನಿಯರ್ ಫೋನ್ ಮಾಡ್ಬೇಕು. ಆಮೇಕೆ ನಾನು ಎತ್ತೋದು.'

ಅಜ್ಜ ಆಕಾಶದ ಕಡೆ ಬೆರಳು ತೋರಿಸಿದರು. ಹಗಲಿನಲ್ಲೇ ಸಣ್ಣ ಚಂದ್ರ ಕಾಣುತ್ತಿದ್ದ. 'ಅವ ಹೇಳ್ತ. ದಿನಕ್ಕೆ ಎರಡು ಸಲ ಬಿಡೂದು, ಎರಡು ಸಲ ಎಳೂದು. ಇವತ್ತಿಗಿಂತ ನಾಳೆ ಮುಕ್ಕಾಲು ತಾಸು ತಡ. ಹುಣ್ಣಿಮೆ ಅಮಾಸೆಗೆ ಜೋರು. ಅವ ಒಂದು ದಿನವೂ ತಪ್ಪೂದಿಲ್ಲ, ರಜೆ ಇಲ್ಲ.'

'ಕೆಳಗಿನ್ ಗದ್ದೆಯೋರು ಗಲಾಟೆ ಮಾಡಲ್ವಾ, ನಮಗೆ ಬರ್ಲಿಲ್ಲ ಅಂತ?'

'ಬರೂದು ಕೆಳಗಿಂದ ಅಲ್ವೋ!'

ನೀರುಗಂಟಿ ಇದನ್ನು ಅರಗಿಸಿಕೊಳ್ಳಲು ಹೊತ್ತು ತೆಗೆದುಕೊಂಡ. ಅವನ ವೃತ್ತಿಯ ಜಗಳವೆಲ್ಲ ಮೇಲಿನವನಿಗೆ ಮೊದಲು ಸಿಗುತ್ತದೆ, ಕೊನೆಯವನಿಗೆ ತಲುಪುವುದಿಲ್ಲ ಎಂಬುದರ ಮೇಲೆ ನಿಂತದ್ದು. ಇಲ್ಲಿ ನೀರು ಕೊನೆಯಿಂದ ಹಿಂದಕ್ಕೆ ಬರುತ್ತದೆ. ಆಮೇಲೆ ಅವನು ಊರು ಬಿಟ್ಟಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ. ಇಷ್ಟೊಂದು ಸಿಹಿನೀರು ಸುಮ್ಮನೆ ಉಪ್ಪಿಗೆ ಬೆರೆತು ಹಾಳಾಗುತ್ತಿದೆಯಲ್ಲ, ಮೇಲೊಂದು ಕಟ್ಟೆ ಹಾಕಬಾರದೆ?

ಅಜ್ಜ ಉಗಿದು ಬಂದು ಕೂತರು. 'ಮೇಲೆ ಕಟ್ಟಿರೆ ಈ ಉಪ್ಪು ಯಾರು ತೊಳೀತ್ರು? ನೀವು ಬಂದು ತೊಳೀತ್ರಾ?'

ಅಷ್ಟೇ. ಬೇರೆ ಭಾಷಣ ಏನೂ ಬರಲಿಲ್ಲ. ಅಘನಾಶಿನಿಯ ನೀರನ್ನೂ ಪೂರ್ವಕ್ಕೆ, ವೇದಾವತಿಗೆ ತಿರುಗಿಸುವ ಮಾತಿದೆ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಶಿರಸಿಯಲ್ಲಿ ಜನ ಸಭೆ ಸೇರಿದ್ದನ್ನು ಅಜ್ಜನೂ ಕೇಳಿದ್ದರು. ನಾನು ಸಕಲೇಶಪುರದಲ್ಲಿ ಹೇಳಿದ್ದನ್ನು ಈಗ ಇಲ್ಲಿ ಹೇಳಬಲ್ಲೆನೇ ಎಂದು ನೋಡಿಕೊಂಡೆ. ಕೋಲಾರದ ಬಾಯಾರಿಕೆ ಸುಳ್ಳಾಗಲಿಲ್ಲ. ಅಜ್ಜನ ಪ್ರಶ್ನೆಯೂ ಸುಳ್ಳಾಗಲಿಲ್ಲ. ಕೋಲಾರದ ಅಜ್ಜನನ್ನೂ ಈ ಅಜ್ಜನನ್ನೂ ಒಂದೇ ಏರಿಯ ಮೇಲೆ ಕೂರಿಸಿ ಮಾತಾಡಿಸಿದ ಸರ್ಕಾರ ಮಾತ್ರ ನನಗೆ ನೆನಪಿಗೆ ಬರಲಿಲ್ಲ. ಸಮುದ್ರಕ್ಕೆ ಹೋಗುವ ನೀರು ಪೋಲು ಎಂದು ಯೋಜನಾ ವರದಿಗಳಲ್ಲಿ ಬರೆಯುವವರು ನಮ್ಮ ಸೀಮೆಯವರೇ ಇರಬೇಕು, ಅಥವಾ ನಮ್ಮಂಥ ಸೀಮೆಯವರು.

ಅಜ್ಜ ಮನೆಗೆ ಕರೆದರು. ಕೈಕಾಲು ತೊಳೆಯಲು ನೀರು, ಕುಡಿಯಲು ನೀರು, ಜೊತೆಗೆ ತಟ್ಟೆಯಲ್ಲಿ ಬೆಲ್ಲದ ಚೂರು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಅಲ್ಲಿಯ ಪದ್ಧತಿ. ಆಲೆಮನೆಯವನು ಚೂರನ್ನು ಬೆಳಕಿಗೆ ಹಿಡಿದು, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, 'ಬೆಳ್ಳಗೆ ಬರ್ಲಿ ಅಂತ ಏನೋ ಆಕವ್ರೆ' ಎಂದು ತೀರ್ಪು ಕೊಟ್ಟ. ಗಾಡಿಗೆ ಓಡಿ ನಮ್ಮ ಬೆಲ್ಲ ತಂದ. ಮನೆಯ ಅಮ್ಮ ಅದನ್ನು ತಿಂದು ನೋಡಿ, ಚೆನ್ನಾಗಿದೆ ಎಂದರು. ಆದರೆ ದೋಸೆಗೆ ಶಿರಸಿಯ ಜೋನಿಬೆಲ್ಲವನ್ನೇ ಬಡಿಸಿದರು. ಅವನಿಗೆ ಇದು ತುಸು ನಾಟಿತು. ಸುಮ್ಮನೆ ಮೂರು ಸಲ ಹಾಕಿಸಿಕೊಂಡ.

ಹೊರಡುವಾಗ ಅವನು ಅಜ್ಜನ ಹತ್ತಿರ ಕಗ್ಗದ ಬೀಜ ಕೇಳಿದ. ನಮಗೆಲ್ಲ ಆಶ್ಚರ್ಯ. ಅವನ ಗದ್ದೆಯ ತಗ್ಗಿನ ಭಾಗ ಚೌಳಾಗಿದೆ. ವರ್ಷಗಟ್ಟಲೆ ನಾಲೆ ನೀರು ನಿಲ್ಲಿಸಿ ನಿಲ್ಲಿಸಿ, ಬಸಿಯಲು ದಾರಿಯಿಲ್ಲದೆ, ತಳದ ಉಪ್ಪು ಮೇಲೆದ್ದು ಬೆಳ್ಳಗೆ ಹೂ ಬಿಟ್ಟಿದೆ. ನಾಲೆಯ ಸೀಮೆಯಲ್ಲಿ ಇಂಥ ತುಂಡುಗಳು ಹಲವು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಬ್ಬು ಬಾರದು, ಜಯ ಭತ್ತ ಬಾರದು, ಐಆರ್ ಅರವತ್ತನಾಲ್ಕೂ ಸುಟ್ಟುಹೋಗುತ್ತದೆ.

'ಬೀಜ ಕೊಡ್ತೆ. ಉಪ್ಪುನೀರು ಎಲ್ಲಿಂದ ತತ್ತೆ?' ಎಂದರು ಅಜ್ಜ.

'ಉಪ್ಪು ಬೇಕಾದಷ್ಟೈತೆ ಕಣಜ್ಜಾ, ನಾವೇ ಬೆಳ್ಕೊಂಡಿವಿ.'

ಒಂದು ಸೇರಿನಷ್ಟು ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಆಲೆಮನೆಯವನು ಅದರಲ್ಲಿ ಒಂದು ಹಿಡಿಯನ್ನು ಮಳವಳ್ಳಿ ತಾಲೂಕಿನ ಕಿರುಗಾವಲಿಗೆ, ನೂರಾರು ನಾಟಿ ಭತ್ತದ ತಳಿ ಕಾಪಾಡಿಕೊಂಡಿರುವ ಸೈಯದ್ ಘನಿ ಖಾನ್ ಅವರಿಗೆ ತಲುಪಿಸಬೇಕು ಎಂದುಕೊಂಡ. ಉಳಿದದ್ದನ್ನು ಮುಂಗಾರಿನಲ್ಲಿ ಚೌಳಿನ ತುಂಡಿಗೆ ಚೆಲ್ಲಿದ. ವ್ಯವಸಾಯ ಇಲಾಖೆಯವರು ಕೇಳಿದರೆ ನಕ್ಕಾರು ಎಂದು ಯಾರಿಗೂ ಹೇಳಲಿಲ್ಲ, ಊರಿಗೆಲ್ಲ ಗೊತ್ತಾಯಿತು. ಕೆಲವು ಕಡೆ ಹುಟ್ಟಿಲ್ಲ, ಕೆಲವು ಕಡೆ ಮೊಣಕಾಲುದ್ದ ಎದ್ದು ನಿಂತಿದೆ, ಬಣ್ಣ ಪರವಾಗಿಲ್ಲ. ನೀರುಗಂಟಿ ಸಂಜೆ ಆ ಕಡೆ ಹೋದಾಗಲೆಲ್ಲ ಬದುವಿನ ಮೇಲೆ ನಿಂತು, 'ಇವತ್ತು ಭರತ ಎಷ್ಟೊತ್ಗ್ಲಾ?' ಎಂದು ಕೂಗುತ್ತಾನೆ. ಆಲೆಮನೆಯವನು ಅವನನ್ನು ಗದ್ದೆಗೆ ಇಳಿಸುತ್ತಿಲ್ಲ. ತೆನೆ ಕಟ್ಟಿದರೆ ಮೊದಲ ಅನ್ನ ಬಂಗುಡೆ ಸಾರಿನ ಜೊತೆಗೋ ಉಪ್ಸಾರಿನ ಜೊತೆಗೋ ಎಂದು ಈಗ ಜಗಳ ನಡೆಯುತ್ತಿದೆ, ಮೇಷ್ಟ್ರು ಮಧ್ಯಸ್ಥರು.